ಮನೆಗೆ ಕಳುಹಿಸಲ್ಪಟ್ಟ ಶಿಷ್ಯನು



ಹೋದ ವರುಷ ಕಬ್ಬಿನ ಸುಗ್ಗಿ ನಡೆದಿದ್ದ ದಿನಗಳಲ್ಲಿ ನಾವು ಆರಾಧನೆಯ ನಿಮಿತ್ತ ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಕೂಟ ಮುಗಿದು ಜನರೆಲ್ಲ ಎದ್ದುಹೋದ ಮೇಲೆ ಇಪ್ಪತ್ತೆರಡು ವರುಷದ ಒಬ್ಬ ತರುಣನು ಬಾಗಿಲ ಬಳಿಯಲ್ಲಿಯೇ ನಿಂತುಕೊಂಡನು. ಕಾರಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರು ನಡಿಸುವದು ಅವನ ಕೆಲಸ. "ಗುರುಗಳ, ನಾ ಈ ಕೆಲಸಾ ಬಿಟ್ಟು ಕರ್ತನ ಸೇವಾಕ್ಕ ಬರಬೇಕಂತೀನ್ರಿ. ಪೇತ್ರ ಬಲೆ ಬಿಟ್ಟು ಬರಲಿಲ್ಲೇನ್ರಿ, ಹಂಗ" ಅಂದನು.

ನಮಗಾದ ಸಂತೋಷವು ಸ್ವಲ್ಪವಲ್ಲ. ಉಪದೇಶಿಯ ಕೆಲಸದಲ್ಲಿರುವವರ ಕಿವಿಗೆ ಇಂಥ ಮಾತು ಬೀಳುವದು ಹತ್ತು ವರುಷಕ್ಕೊಮ್ಮೆ. ಅವನ ಕೈಹಿಡಿದು ಪ್ರಾರ್ಥನೆ ಮಾಡಿ, ವೇದಶಾಲೆಗೆ ಕಾಗದ ಬರೆಯುತ್ತೇವೆಂದು ಮಾತುಕೊಟ್ಟು ಚಿಕ್ಕೋಡಿಯ ಬಸ್ಸು ಹತ್ತಿದೆವು. ಆದರೆ ಬಸ್ಸು ಊರು ದಾಟುವದಕ್ಕೆ ಮುಂಚೆಯೇ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚತೊಡಗಿತು. ಅವನ ಮನೆಯ ಸಂಗತಿಯು ನಮಗೆ ತಿಳಿಯದ್ದೇನೂ ಅಲ್ಲ. ತಂದೆಯು ಕಬ್ಬು ಕಡಿಯುವ ಗ್ಯಾಂಗಿನವನು. ಎರಡು ವರುಷದ ಹಿಂದೆ ತುಂಬಿದ ಟ್ರೇಲರಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮೂಲೆ ಹಿಡಿದಿದ್ದಾನೆ. ಅವನು ಮುಕಾದಮನಿಂದ ತೆಗೆದುಕೊಂಡ ಮುಂಗಡವು ಇನ್ನೂ ತೀರಿಲ್ಲ. ತಂಗಿಯೊಬ್ಬಳು ಇದ್ದಾಳೆ. ದುಡಿಯುವ ಕೈ ಈ ಹುಡುಗನದೊಂದೇ. ಇಷ್ಟರಲ್ಲಿ ಒಂದನ್ನಾದರೂ ಅವನು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಕೇಳಿದರೆ ನಮ್ಮ ಸಂತೋಷವು ಕಡಿಮೆಯಾದೀತೆಂಬ ಭಯದಿಂದಲೇ ಹೊರತು ಬೇರೇನೂ ಕಾರಣವಿಲ್ಲ.

ಕರ್ತನ ಬಳಿಗೆ ಓಡಿ ಬರುವವನಿಗೂ ಮನೆಯನ್ನು ಬಿಟ್ಟು ಓಡಿಹೋಗುವವನಿಗೂ ನೋಡುವವರ ಕಣ್ಣಿಗೆ ಭೇದ ಕಾಣುವದಿಲ್ಲ. ಕಾಲುಗಳು ಎರಡರಲ್ಲಿಯೂ ಓಡುತ್ತವೆ. ಹಾಗಾದರೆ ಶಿಷ್ಯನಾಗೆಂಬ ಕರೆಗೆ ಓಗೊಡುವದು ಅಂದರೆ ಇದ್ದದ್ದನ್ನು ಬಿಟ್ಟು ಹೊರಡುವದೋ, ಇದ್ದಲ್ಲಿಯೇ ಬೇರೆ ತರದವನಾಗುವದೋ? ಈ ಪ್ರಶ್ನೆಯನ್ನು ನಮ್ಮ ಹಳ್ಳಿಯ ಸಭೆಗಳವರ ಮುಂದೆ ಇಟ್ಟು, ನಮಗೆ ತೋರಿದಷ್ಟನ್ನು ಹೇಳಬೇಕೆಂದಿದ್ದೇವೆ.

ಮಾರ್ಕನು ಬರೆದ ಸುವಾರ್ತೆಯ ಐದನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಮಾಧಿಯ ಗವಿಗಳಲ್ಲಿ ವಾಸಮಾಡುತ್ತ, ಕೂಗುತ್ತ, ತನ್ನ ಮೈಯನ್ನು ತಾನೇ ಕಲ್ಲುಗಳಿಂದ ಗಾಯಮಾಡಿಕೊಳ್ಳುತ್ತಿದ್ದ ಆ ಮನುಷ್ಯನನ್ನು ಕರ್ತನು ಸ್ವಸ್ಥಮಾಡಿದ ವೃತ್ತಾಂತವು ಅದರಲ್ಲಿದೆ. ದೆವ್ವಗಳು ಹಂದಿಗಳಲ್ಲಿ ಹೊಕ್ಕವೆಂಬ ಭಾಗವನ್ನು ಭಾನುವಾರದ ಶಾಲೆಯ ಮಕ್ಕಳೂ ಹೇಳಬಲ್ಲರು. ಅದರ ಕೊನೆಯ ಮೂರು ವಚನಗಳನ್ನು ಮಾತ್ರ ನಾವು ಅವಸರದಿಂದ ಓದಿ ಮುಗಿಸುತ್ತೇವೆ. ಕರ್ತನು ದೋಣಿ ಹತ್ತುವಾಗ ಆ ಮನುಷ್ಯನು ತಾನೂ ಸಂಗಡ ಬರುವೆನೆಂದು ಬೇಡಿಕೊಂಡನು. ಕರ್ತನು ಒಪ್ಪಲಿಲ್ಲ. ಮನೆಗೂ ತನ್ನವರ ಬಳಿಗೂ ಹೋಗಿ, ದೇವರು ತನಗೆ ಮಾಡಿದ್ದನ್ನು ತಿಳಿಸಬೇಕೆಂದು ಆತನು ಅವನನ್ನು ಹಿಂದಕ್ಕೆ ಕಳುಹಿಸಿಬಿಟ್ಟನು.

ಹಿಂಬಾಲಿಸಿ ಬರುವೆನೆಂದು ಬೇಡಿಕೊಂಡವನನ್ನು ಕರ್ತನು ಯಾಕೆ ಕರೆದುಕೊಳ್ಳಲಿಲ್ಲ? ಅವನನ್ನು ಕಳುಹಿಸಿದ ಊರಾದರೂ ಎಂಥದು ಎಂಬದನ್ನು ಯೋಚಿಸಬೇಕು. ಆ ಸೀಮೆಯ ಜನರೇ ಅವನನ್ನು ಬೇಡಿಗಳಿಂದಲೂ ಸಂಕೋಲೆಗಳಿಂದಲೂ ಕಟ್ಟಿದ್ದರು. ಅವರ ಎರಡು ಸಾವಿರ ಹಂದಿಗಳು ಅವನ ನಿಮಿತ್ತವಾಗಿಯೇ ಕೆರೆಯಲ್ಲಿ ಬಿದ್ದು ಸತ್ತಿದ್ದವು. ಯೇಸುವನ್ನು ತಮ್ಮ ಮೇರೆಯನ್ನು ಬಿಟ್ಟುಹೋಗೆಂದು ಬೇಡಿದವರೂ ಅವರೇ. ಇವನು ಸಂತೆಗೆ ಹೋದಾಗಲೆಲ್ಲ ಹಂದಿಯ ಧಣಿಗಳಿಗೆ ತಮ್ಮ ನಷ್ಟದ ಲೆಕ್ಕವು ನೆನಪಾಗಿರಬೇಕು. ದೋಣಿಯಲ್ಲಿ ಕರ್ತನ ಪಕ್ಕದಲ್ಲಿ ಕೂತಿದ್ದರೆ ಅವನ ಹಳೆಯ ಕಥೆಯನ್ನು ಬಲ್ಲವರು ಆಚೆಯ ದಡದಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಅಂಥ ಸುಲಭವಾದ ಶಿಷ್ಯತ್ವವು ಅವನಿಗೆ ದೊರೆಯಲಿಲ್ಲ.

ಆದರೆ ಪೇತ್ರನೂ ಅಂದ್ರೆಯನೂ ಬಲೆಗಳನ್ನು ಬಿಟ್ಟರಲ್ಲವೇ, ಯಾಕೋಬ ಯೋಹಾನರು ತಂದೆಯನ್ನೇ ಬಿಟ್ಟರಲ್ಲವೇ, ಎಂದು ಯಾರಾದರೂ ಕೇಳುವರು. ಹೌದು, ಬಿಟ್ಟರು. ಆದರೆ ಅದೇ ಮಾರ್ಕನು ಮೊದಲನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಸಂಗತಿಯನ್ನು ಮರೆಯದೆ ಬರೆದಿದ್ದಾನೆ. ಜೆಬೆದಾಯನು ದೋಣಿಯಲ್ಲಿ ಒಬ್ಬನೇ ಉಳಿಯಲಿಲ್ಲ, ಕೂಲಿಯಾಳುಗಳು ಅವನ ಸಂಗಡ ಇದ್ದರು. ಮುದುಕನ ಬಲೆ ಎಳೆಯುವದಕ್ಕೆ ಕೈಗಳಿದ್ದವು. ಏಳನೆಯ ಅಧ್ಯಾಯದಲ್ಲಿಯಾದರೋ, ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕರ್ತನು ಎಷ್ಟು ಕಠಿಣವಾಗಿ ಖಂಡಿಸಿದ್ದಾನೆ! ಹಾಸಿಗೆ ಹಿಡಿದ ತಂದೆಯನ್ನೂ ಅವನ ಸಾಲವನ್ನೂ ತಂಗಿಯ ತಲೆಯ ಮೇಲೆ ಬಿಟ್ಟು ವೇದಶಾಲೆಗೆ ಬರುವವನು ತನ್ನನ್ನು ತಾನೇ ಕೊರ್ಬಾನ್ ಮಾಡಿಕೊಳ್ಳುವದಿಲ್ಲವೇ? ಅವನಿಗೆ ಕೂಡಲೆ ಸೈ ಎಂದ ಉಪದೇಶಿಯಾದರೂ ಆ ಪಾಪದಲ್ಲಿ ಪಾಲುಗಾರನಲ್ಲವೇ?

ನಮ್ಮ ಸಭೆಗಳಲ್ಲಿ ಒಂದು ತಪ್ಪು ಎಣಿಕೆಯು ಬೇರೂರಿದೆ. ಪುಲ್ಪಿಟಿನ ಮೇಲೆ ನಿಲ್ಲುವವನು ಪೂರಾ ಶಿಷ್ಯನು, ಕೆಳಗೆ ಚಾಪೆಯ ಮೇಲೆ ಕೂಡುವವರು ಅರ್ಧ ಶಿಷ್ಯರು ಎಂದು ಜನರು ತಿಳಿದಿದ್ದಾರೆ. ಕಾಗವಾಡದ ಗಡಿ ದಾಟಿದರೆ ಮಿರಜ. ಅಲ್ಲಿ ಡಾಕ್ಟರ್ ವಾನ್ಲೆಸ್ ಎಂಬವರು 1894ನೆಯ ಇಸವಿಯಲ್ಲಿ ದವಾಖಾನೆ ತೆರೆದರು. ನಮ್ಮ ಅಥಣಿ ಚಿಕ್ಕೋಡಿಗಳ ಕಡೆಯಿಂದ ಕಣ್ಣಿನ ಪರೆಯವರು, ಹೊಟ್ಟೆಯ ಗಡ್ಡೆಯವರು ಬಂಡಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರೆಂದು ಮುದುಕರು ಹೇಳುತ್ತಿದ್ದರು. 1933ರಲ್ಲಿ ಅವರು ತೀರಿಹೋದರೂ ಮಿರಜದ ಹೆಸರು ನಮ್ಮ ಜನರ ಬಾಯಲ್ಲಿ ದವಾಖಾನೆಯ ಹೆಸರಾಗಿಯೇ ಉಳಿಯಿತು. ವಾನ್ಲೆಸ್ ಸಾಹೇಬರ ಕೆಲಸವು ಚೂರಿ ಹಿಡಿಯುವದು, ಗಾಯ ಹೊಲಿಯುವದು. ಅವರ ಪುಣ್ಯಸ್ಮರಣೆಯನ್ನು ನಾವು ಮಾಡುತ್ತೇವೆ. ಆದರೆ ಆ ಗಾಯದ ಬಟ್ಟೆಗಳನ್ನು ಒಗೆದವಳು, ರಾತ್ರಿಯೆಲ್ಲ ರೋಗಿಯ ಬಾಯಿಗೆ ನೀರು ಬಿಟ್ಟವಳು ಯಾರೋ ಒಬ್ಬಳು ಇದ್ದಳಷ್ಟೆ. ಅವಳ ಹೆಸರನ್ನು ನಾವು ಯಾವ ಪ್ರಾರ್ಥನೆಯಲ್ಲಿಯೂ ಎತ್ತಿದ್ದಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಪಟ್ಟಣದ ಸೀಮೋನನೆಂಬವನು ಬರುತ್ತಾನೆ. ಅವನು ಚರ್ಮ ಹದಮಾಡುವವನು. ಪೇತ್ರನು ಅವನ ಮನೆಯಲ್ಲಿ ಬಹುದಿನ ಇಳಿದಿದ್ದನು. ಯೆಹೂದ್ಯರಲ್ಲಿ ಆ ಕೆಲಸವು ಹೊಲೆಯದೆಂದು ಎಣಿಸಲ್ಪಟ್ಟಿತ್ತು. ಮನೆಯು ಊರಿನ ನಡುವೆ ಇರದೆ ಸಮುದ್ರದ ಬಳಿಯಲ್ಲಿ ಇದ್ದದ್ದೂ ಸೋಜಿಗವಲ್ಲ. ಕೊರ್ನೇಲ್ಯನಿಗೆ ಪೇತ್ರನ ವಿಳಾಸವನ್ನು ತಿಳಿಸಿದ ದೇವದೂತನು ಆ ಕಸುಬಿನ ಹೆಸರನ್ನು ಮರೆಮಾಡದೆ ಹೇಳಿದನು. ಪರಲೋಕದವರಿಗೆ ಬಾರದ ನಾಚಿಕೆಯು ನಮಗೆ ಬರುತ್ತದೆ. ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ಜಾಲಿಯ ತೊಗಟೆಯಿಂದಲೂ ಅಳಲೆಕಾಯಿಯಿಂದಲೂ ಹದಮಾಡಿದ ಚಕ್ಕಳದಲ್ಲಿ ಚಪ್ಪಲಿ ಹೊಲಿಯುವ ಕೈಗಳು ತಲೆತಲಾಂತರದಿಂದ ಅವೆ. ಮಾರುವವರು ಅದನ್ನು ಕೊಲ್ಲಾಪುರಿ ಎನ್ನುತ್ತಾರೆ. 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಸಂಗಡ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿಸಿ ಸರಕಾರವು ಅದಕ್ಕೆ ಭೌಗೋಳಿಕ ಗುರುತನ್ನು ಕೊಟ್ಟಿತು. 2025ರಲ್ಲಿ ಇಟಲಿಯ ಪ್ರಾಡಾ ಎಂಬ ದೊಡ್ಡ ವ್ಯಾಪಾರಿಗಳು ಅದೇ ತರದ ಕಾಲ್ಮೆಟ್ಟುಗಳನ್ನು ಮೆರಸಿ, ಅವುಗಳ ಮೂಲವನ್ನು ಮೊದಲು ಹೇಳಲಿಲ್ಲವೆಂದು ದೇಶದಲ್ಲೆಲ್ಲ ಗದ್ದಲವಾಯಿತು. ದೊಡ್ಡವರು ಲಾಭಕ್ಕಾಗಿ ಮುಚ್ಚಿಟ್ಟದ್ದನ್ನು ನಮ್ಮ ಹುಡುಗರು ಮರ್ಯಾದೆಗಾಗಿ ಮುಚ್ಚಿಡುತ್ತಾರೆ. ಬೆಳಗಾವಿಯಲ್ಲಿ ಓದಲು ಹೋದವನು ತಂದೆಯ ಕಸುಬೇನೆಂದು ಕೇಳಿದರೆ ಒಕ್ಕಲುತನ ಅನ್ನುತ್ತಾನೆ. ಅವನನ್ನು ಬೈಯುವದಕ್ಕೆ ನಮಗೆ ಬಾಯಿಲ್ಲ. ನಿಜ ಹೇಳಿದರೆ ಬಾಡಿಗೆಗೆ ಕೋಣೆ ಸಿಕ್ಕುವದಿಲ್ಲವೆಂದು ಅವನು ಬಲ್ಲನು. ದೀಕ್ಷಾಸ್ನಾನವಾದ ನಮ್ಮ ಮನೆಗಳಲ್ಲಿಯೇ ಹೆಣ್ಣು ಗಂಡು ನೋಡುವಾಗ ಮೂಲವನ್ನು ವಿಚಾರಿಸುವ ವಾಡಿಕೆಯು ಇನ್ನೂ ಬಿಟ್ಟಿಲ್ಲವಷ್ಟೆ. ಚಪ್ಪಲಿ ಹೊಲಿಯುವವನು ಉಳಿಯ ಮುಂದೆ ಕೂತೇ ಶಿಷ್ಯನಾಗಬಹುದು. ಅವನು ಅಲ್ಲಿಂದ ಏಳಬೇಕಾದದ್ದಿಲ್ಲ. ಅವನ ಪಕ್ಕದಲ್ಲಿ ಕೂಡದೆ ಇರುವವರು ಏಳಬೇಕು.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನು ಹೇಳದೆ ಬಿಡಕೂಡದು. ಇದ್ದಲ್ಲಿಯೇ ಇರು ಎಂಬ ಮಾತಿನಿಂದ ನಮ್ಮ ಜನರಿಗೆ ಬಹಳ ಹಾನಿಯಾಗಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬನು ಕರೆಯಲ್ಪಟ್ಟಾಗ ಯಾವ ಸ್ಥಿತಿಯಲ್ಲಿದ್ದನೋ ಆ ಸ್ಥಿತಿಯಲ್ಲಿಯೇ ಇರಲಿ ಎಂಬ ಭಾವದ ಮಾತು ಅದೆ. ಇದನ್ನು ಓದಿ ತಲೆಯಾಡಿಸಿದವರು ಮರುವಚನವನ್ನು ಓದಲಿಲ್ಲ. ದಾಸನಾಗಿದ್ದವನು ಬಿಡುಗಡೆ ಹೊಂದಲಿಕ್ಕೆ ಶಕ್ತನಾದರೆ ಅದನ್ನು ಹೊಂದಲಿ ಎಂದು ಅದೇ ಪೌಲನು ಬರೆದಿದ್ದಾನೆಂದು ನಾವು ತಿಳಿಯುತ್ತೇವೆ. ಸತ್ತ ದನವನ್ನು ಎಳೆಯುವದು, ಸಾವಿನ ಸುದ್ದಿಯನ್ನು ಊರೂರಿಗೆ ಒಯ್ಯುವದು, ಅದಕ್ಕೆ ಬದಲಾಗಿ ಕಣದಲ್ಲಿ ಕೈಯೊಡ್ಡಿ ಕಾಳು ಬೇಡುವದು, ಇವು ನಮ್ಮ ಹಿರಿಯರಿಗೆ ಹುಟ್ಟಿನೊಡನೆ ಬಂದ ಚಾಕರಿಗಳು. ಇದು ಕರೆಯಲ್ಲ, ಕಟ್ಟು. 1925ರಲ್ಲಿ ಡಾಕ್ಟರ್ ಅಂಬೇಡ್ಕರರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. 1928ರಲ್ಲಿ ಮುಂಬಯಿಯ ಕಾಯಿದೆಸಭೆಯಲ್ಲಿ ಈ ವತನದ ಚಾಕರಿಯ ವಿಷಯವಾಗಿ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ ಕಾಯಿದೆ ಆದದ್ದು 1961ರಲ್ಲಿ. ಕಟ್ಟು ಬಿಚ್ಚಿದವರು ನಮ್ಮ ಸಭೆಯವರಲ್ಲವೆಂದು ಅದನ್ನು ದೇವರ ಕೆಲಸವಲ್ಲವೆನ್ನಬಹುದೇ?

ಇದಕ್ಕಿಂತಲೂ ಬಿಗಿಯಾದ ಕಟ್ಟು ಇನ್ನೊಂದು ಉಂಟು. ಅಥಣಿ, ರಾಯಬಾಗ, ಚಿಕ್ಕೋಡಿಗಳ ಬಡವರ ಕೇರಿಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯು ಹಿಂದೆ ಎಷ್ಟು ನಡೆದಿತ್ತೆಂಬದನ್ನು ವಾಚಕರಿಗೆ ವಿವರಿಸಬೇಕಾದದ್ದಿಲ್ಲ. ಮುಂಬಯಿ ಸರಕಾರವು 1934ರಲ್ಲಿಯೇ ಅದಕ್ಕೆ ವಿರೋಧವಾಗಿ ಕಾಯಿದೆ ಮಾಡಿತು; 1982ರಲ್ಲಿ ಕರ್ನಾಟಕ ಸರಕಾರವು ಇನ್ನೊಂದನ್ನು ಮಾಡಿತು. ಕಾಯಿದೆ ಕಾಗದದಲ್ಲಿರುತ್ತದೆ, ಮಗುವು ಕೇರಿಯಲ್ಲಿರುತ್ತದೆ. ಅಥಣಿಯಲ್ಲಿ ವಿಮೋಚನಾ ಎಂಬ ಸಂಘದವರು ಆ ತಾಯಂದಿರ ಮಕ್ಕಳನ್ನು ಕರೆತಂದು ಮಲಾಬಾದದ ವಸತಿಶಾಲೆಯಲ್ಲಿ ಇಟ್ಟು ಓದಿಸಿದರು. ಅದನ್ನು ಆರಂಭಿಸಿದ ವಕೀಲರಾದ ಬಿ. ಎಲ್. ಪಾಟೀಲರಿಗೆ ಈ ಕೆಲಸವನ್ನು ಯಾವ ಪಾದ್ರಿಯೂ ಒಪ್ಪಿಸಿದ್ದಲ್ಲ. ಯೆರಿಕೋವಿನ ದಾರಿಯಲ್ಲಿ ಗಾಯಪಟ್ಟವನನ್ನು ಎತ್ತಿಕೊಂಡ ಸಮಾರ್ಯನನ್ನು ನಾವು ಪುಲ್ಪಿಟಿನ ಮೇಲೆ ಎಷ್ಟೋ ಸಾರಿ ಹೊಗಳಿದ್ದೇವೆ; ಅದೇ ದಾರಿಯಲ್ಲಿ ಮಗ್ಗುಲಾಗಿ ಹೋದ ಯಾಜಕನು ನಮ್ಮ ಹಾಗೆಯೇ ಕಾಣುತ್ತಾನೆಂಬದು ನಮಗೆ ತಡವಾಗಿ ತಿಳಿಯಿತು. ಇಂಥ ಪದ್ಧತಿಯನ್ನಾದರೋ ಬಿಟ್ಟೇ ಬಿಡಬೇಕು. ಅದರೊಳಗಿದ್ದು ಅದನ್ನು ಪವಿತ್ರಮಾಡುವೆವೆಂಬ ಮಾತೇ ಸಲ್ಲದು.

ಹೀಗಿರಲಾಗಿ ಯಾವದನ್ನು ಬಿಡಬೇಕು, ಯಾವದರಲ್ಲಿ ನಿಲ್ಲಬೇಕು ಎಂಬದಕ್ಕೆ ಗುರುತೇನು? ಒಂದು ಕೆಲಸದಲ್ಲಿ ನಮ್ಮ ಮೈ ಕೊಳೆಯಾಗುವದೋ, ಬೇರೊಬ್ಬರ ಬಾಳು ಹಾಳಾಗುವದೋ ಎಂದು ನೋಡಿಕೊಳ್ಳುವದೇ ನಮಗೆ ತೋರಿದ ಗುರುತು. ಮೈಯ ಕೊಳೆಯನ್ನು ಕರ್ತನು ಎಂದೂ ಲೆಕ್ಕಿಸಿದ್ದಿಲ್ಲ. ಆದರೆ ಈ ಗುರುತನ್ನು ಹಿಡಿದು ನಿಪ್ಪಾಣಿಗೆ ಹೋದರೆ ಅಲ್ಲಿ ನಮ್ಮ ಬುದ್ಧಿ ಓಡುವದಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ನಿಪ್ಪಾಣಿಯೆಂದರೆ ತಂಬಾಕು. ಬೀಡಿಗೆ ಹಾಕುವ ಆ ಸೊಪ್ಪು ಎಷ್ಟು ಜನರ ಎದೆಯನ್ನು ಸುಟ್ಟಿದೆಯೆಂಬದು ಈಗ ವೈದ್ಯರಿಗಲ್ಲದೆ ಮಕ್ಕಳಿಗೂ ಗೊತ್ತು. ಅದೇ ಸೊಪ್ಪಿನಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. 1981ನೆಯ ಇಸವಿಯಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳುತನದಲ್ಲಿ ರೈತರು ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರಾಗಿ ರೈತರು ಸತ್ತರು. ವಖಾರಿಗಳಲ್ಲಿ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಸೊಪ್ಪನ್ನು ಕುಟ್ಟಿ ಸಾಣಿಸಿ, ಆ ಧೂಳನ್ನು ಉಸಿರಾಡಿ, ಮನೆಗೆ ಬಂದು ರಾತ್ರಿಯೆಲ್ಲ ಕೆಮ್ಮುವರು. ನಮ್ಮ ಸಭೆಯ ಒಬ್ಬ ವಿಧವೆಯು ಒಮ್ಮೆ, ಈ ಕೂಲಿಯಿಂದ ಕಾಣಿಕೆ ಹಾಕಿದರೆ ದೇವರು ಒಪ್ಪುವನೋ ಎಂದು ಕೇಳಿದಳು. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರೂ ಸಿಪಾಯಿಗಳೂ ಬಂದು ನಾವೇನು ಮಾಡಬೇಕೆಂದಾಗ, ಸುಂಕದ ಕಟ್ಟೆಯನ್ನೂ ಕತ್ತಿಯನ್ನೂ ಬಿಡಿರೆಂದು ಅವನು ಹೇಳಲಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚು ಕಸಿಯಬೇಡಿರಿ, ಯಾರನ್ನೂ ಹೆದರಿಸಿ ದೋಚಬೇಡಿರಿ ಎಂಬಂತೆ ಬುದ್ಧಿಹೇಳಿ ಕಳುಹಿಸಿದನು. ಇದನ್ನು ಆ ವಿಧವೆಗೆ ಓದಿ ಹೇಳಿ, ಕಾಣಿಕೆಯನ್ನು ಹಾಕಮ್ಮಾ ಅಂದೆವು. ಬೇರೆ ಕೂಲಿ ಸಿಕ್ಕದವಳಿಗೆ ವಖಾರಿ ಬಿಡೆನ್ನುವ ಅಧಿಕಾರವನ್ನು ಯಾವ ವೇದಶಾಲೆಯೂ ನಮಗೆ ಕೊಟ್ಟದ್ದಿಲ್ಲ. ಆದರೆ ನೀರಾವರಿಯ ಹೊಲವಿದ್ದು, ಬೇರೆ ಬೆಳೆ ಬರುವದೆಂದು ಬಲ್ಲವನಾಗಿ, ಲಾಭ ಹೆಚ್ಚೆಂದು ಇದನ್ನೇ ಹಚ್ಚುವವನಿಗೆ ಅದೇ ಉತ್ತರವನ್ನು ಕೊಡಲಾರೆವು. ಒಂದೇ ಗಿಡ, ಇಬ್ಬರಿಗೂ ತೀರ್ಪು ಒಂದೇ ಅಲ್ಲ. ಇದು ನ್ಯಾಯವೋ ಅಲ್ಲವೋ, ವಾಚಕರು ತಮ್ಮ ತಮ್ಮ ಸಭೆಗಳಲ್ಲಿ ಕೂತು ವಿಚಾರಮಾಡಲಿ.

ಕಬ್ಬಿನ ವಿಷಯದಲ್ಲಿಯಾದರೋ ನಮಗೆ ಇಷ್ಟು ತೊಡಕಿಲ್ಲ. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರಖಾನೆಯವರು ಹಣ ಸಲ್ಲಿಸತಕ್ಕದ್ದೆಂದು 1966ರ ಸರಕಾರಿ ಆಜ್ಞೆಯದೆ. ತಡವಾದರೆ ಬಡ್ಡಿ ಕೊಡಬೇಕು. ಹಣ ತಡವಾದಾಗ ನಮ್ಮ ರೈತರು ರಸ್ತೆಗಿಳಿದು ಕೂಗುತ್ತಾರೆ. ಆ ಕೂಗು ನ್ಯಾಯವಾದದ್ದು. ಆದರೆ ಅದೇ ರೈತನ ಹೊಲದಲ್ಲಿ ಕಳೆ ತೆಗೆದ ಹೆಣ್ಣಾಳು ಶನಿವಾರ ಸಂಜೆ ಬಾಗಿಲಲ್ಲಿ ನಿಂತರೆ, ಬಿಲ್ಲು ಬರಲಿ, ಆಮೇಲೆ ನೋಡೋಣ ಅನ್ನುತ್ತಾನೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಬಡ ಕೂಲಿಯವನಿಗೆ ಹದಿನಾಲ್ಕು ದಿನದ ಗಡುವಿಲ್ಲ. ಹೊತ್ತು ಮುಣುಗುವದರೊಳಗೆ ಅವನ ಕೂಲಿಯನ್ನು ಕೊಡತಕ್ಕದ್ದು, ಯಾಕಂದರೆ ಅವನು ಅದರ ಮೇಲೆಯೇ ಮನಸ್ಸಿಟ್ಟುಕೊಂಡಿದ್ದಾನೆ, ಎಂಬ ತಾತ್ಪರ್ಯವು ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿದೆ. ಕೊಯ್ದವರಿಗೆ ಹಿಡಿದಿಟ್ಟ ಕೂಲಿಯು ತಾನೇ ಬಾಯಿಬಿಟ್ಟು ಕೂಗುವದೆಂಬ ಭಾವದಿಂದ ಯಾಕೋಬನು ಬರೆದನು. ಬೀಡದ ಕಡೆಯಿಂದ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ನಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಕಡಿಯುವವರ ಮಕ್ಕಳು ಸುಗ್ಗಿಯ ತಿಂಗಳುಗಳಲ್ಲಿ ಯಾವ ಶಾಲೆಗೆ ಹೋಗುತ್ತಾರೆಂದು ನಾವು ಎಂದಾದರೂ ಕೇಳಿದೆವೋ? ಹೊಲವುಳ್ಳ ಕ್ರೈಸ್ತರು ನಮ್ಮಲ್ಲಿ ಬಹಳ ಮಂದಿಯಿಲ್ಲ, ಆದಾಗ್ಯೂ ಇದ್ದಾರೆ. ಕರೆಯು ಅವರಿಗೆ ಶನಿವಾರ ಸಂಜೆ ಬಾಗಿಲಲ್ಲಿಯೇ ಬಂದು ನಿಲ್ಲುತ್ತದೆ.

ಈಗ ನಮ್ಮ ಮಾತು. ಸಭೆಯ ಕೆಲಸಕ್ಕೆ ಬಂದವನು ಇಂಥ ಶೋಧನೆಗಳಿಂದ ಪಾರಾಗುತ್ತಾನೆಂದು ಆ ತರುಣನು ನಂಬಿದ್ದನು. ಟ್ರ್ಯಾಕ್ಟರಿನ ಕೆಲಸದಲ್ಲಿ ಬೈಗುಳ, ಕುಡಿತ, ಸುಳ್ಳು ಲೆಕ್ಕ. ಸೇವೆಯಲ್ಲಿಯಾದರೋ ಬರೀ ಪವಿತ್ರತೆ ಎಂದು ಅವನ ಎಣಿಕೆ. ನಾವು ಸುಮ್ಮನಿದ್ದರೆ ಅದೂ ಒಂದು ಸುಳ್ಳಾಗುವದು.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗೆಯೂ ವೇದಗಂಗೆಯೂ ಏರಿಬಂದು ಈ ತಾಲೂಕುಗಳ ಹೊಳೆಸಾಲಿನ ಊರುಗಳನ್ನು ಮುಳುಗಿಸಿದ್ದು ಎಲ್ಲರ ನೆನಪಿನಲ್ಲಿದೆ. 2005ರ ನೀರನ್ನು ಕಂಡವರೂ ಇಷ್ಟು ಬರಲಾರದೆಂದು ಕೂತು ಮೋಸಹೋದರು. ನೀರು ಇಳಿದ ಮೇಲೆ ದೂರದ ಒಂದು ಸಭೆಯವರು ಕನಿಕರದಿಂದ ಅಕ್ಕಿಯ ಚೀಲಗಳನ್ನು ಕಳುಹಿಸಿ, ಕಾಗವಾಡದ ಕಡೆಯ ಒಂದು ಹಳ್ಳಿಯಲ್ಲಿ ಹಂಚುವ ಕೆಲಸವನ್ನು ನಮ್ಮ ಕೈಗೆ ಒಪ್ಪಿಸಿದರು. ನಾವು ಯಾದಿ ಮಾಡಿದೆವು. ಮೊದಲು ಸಭೆಯವರ ಹೆಸರು ಬರೆದೆವು. ಸಭೆಯ ಹಿರಿಯರೊಬ್ಬರ ಮನೆಯು ದಿನ್ನೆಯ ಮೇಲೆ ಇದ್ದು ಹೊಸ್ತಿಲಿಗೂ ನೀರು ಮುಟ್ಟಿರಲಿಲ್ಲ; ಬಿಟ್ಟರೆ ಅವರು ಬೇಸರಪಟ್ಟಾರೆಂದು ಅವರ ಹೆಸರನ್ನೂ ಬರೆದೆವು. ಚೀಲಗಳು ತೀರಿದಾಗ ಸಾಲಿನ ಕೊನೆಯಲ್ಲಿ ಒಬ್ಬಳು ಮುದುಕಿಯು ಉಳಿದಳು. ಅವಳು ನಮ್ಮ ಸಭೆಯವಳಲ್ಲ. ಅವಳ ಗುಡಿಸಲು ಪರರ ಜಾಗದಲ್ಲಿ ಇದ್ದದ್ದರಿಂದ ಸರಕಾರದ 10,000 ರೂಪಾಯಿಯ ತುರ್ತು ಪರಿಹಾರದ ಯಾದಿಯಲ್ಲಿಯೂ ಅವಳ ಹೆಸರು ಬಂದಿರಲಿಲ್ಲ. ಅವಳು ಜಗಳವಾಡಲಿಲ್ಲ. ನಮ್ಮ ಕೈಯೊಳಗಿನ ಕಾಗದವನ್ನು ನೋಡಿ, "ಹಂಗಾರ ನನ್ನ ಹೆಸರು ಯಾವ ಕಾಗದದಾಗ ಐತ್ರಿ, ಗುರುಗಳ?" ಎಂದು ಕೇಳಿದಳು. ನಾವು ಏನೋ ಹೇಳಿದೆವು. ಏನು ಹೇಳಿದೆವೆಂಬದು ಈಗ ನೆನಪಿಲ್ಲ.

ಆ ಸಂಜೆ ಹಿರಿಯರ ಹೆಂಡತಿಯು ಚೀಲವನ್ನು ತಲೆಯ ಮೇಲೆ ಹೊತ್ತು ದಿನ್ನೆ ಇಳಿದು ಹೋಗುವದನ್ನು ಕಂಡೆವು. ಅವಳು ಓದುಬರಹ ಅರಿಯಳು. ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ಮಾಡೆಂದರೆ ತಲೆ ತಗ್ಗಿಸುವಳು. ಕೆಸರಿನಲ್ಲಿ ಕಾಲು ಜಾರದಂತೆ ಮೆಲ್ಲನೆ ನಡೆಯುತ್ತ, ನಮ್ಮನ್ನು ಕಂಡು, "ನಮ್ಮನ್ಯಾಗ ಐತ್ರಿ" ಎಂದಷ್ಟೇ ಹೇಳಿ ಮುಂದಕ್ಕೆ ಹೋದಳು. ಗಂಡನಿಗೆ ತಿಳಿಸಿದಳೋ ಇಲ್ಲವೋ ನಾವು ವಿಚಾರಿಸಲಿಲ್ಲ. ನಮ್ಮ ನಾಡಿನ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮನು ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದುಬಾ ಎಂದು ಅವನನ್ನು ಅಟ್ಟಿದಳೆಂದು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಓದಿದ್ದೆವು. ವೇದಶಾಲೆಯಲ್ಲಿ ಮೂರು ವರುಷ ಕಲಿತ ಮೇಲೆ ಅದು ನಮಗೆ ಮರೆತುಹೋಗಿತ್ತು. ಆ ಯಾದಿಯ ಕಾಗದವು ಇನ್ನೂ ನಮ್ಮ ಸತ್ಯವೇದದಲ್ಲಿ, ಮಾರ್ಕನ ಪುಸ್ತಕದ ನಡುವೆ, ಮಡಿಚಿ ಇಟ್ಟಿದೆ.

ಈ ಸಂಗತಿಯನ್ನು ಮುಚ್ಚಿಡದೆ ಆ ತರುಣನಿಗೆ ಹೇಳಿದೆವು. ಎರಡನೆಯ ಸಾರಿ ಹೋದಾಗ ಅವನ ಮನೆಗೇ ಹೋಗಿ, ತಂದೆಯ ಹಾಸಿಗೆಯ ಬಳಿಯಲ್ಲಿ ಕೂತು ಮಾತಾಡಿದೆವು. ದೋಣಿಯ ಕಥೆಯನ್ನೂ ಓದಿದೆವು. ಅವನ ಮುಖ ಬಾಡಿತು. "ಹಂಗಾರ ದೇವರು ನನ್ನ ಕರೀಲಿಲ್ಲೇನ್ರಿ?" ಅಂದನು. ಕರೆದಿದ್ದಾನೆ, ಆದರೆ ವಿಳಾಸವು ಸದ್ಯಕ್ಕೆ ಇದೇ ಮನೆಯದು, ಎಂದು ಹೇಳಿದೆವು. ಅವನಿಗೆ ಒಪ್ಪಿಗೆಯಾಗಲಿಲ್ಲವೆಂದು ಕಂಡಿತು. ತಂದೆಯು ಗೋಡೆಯ ಕಡೆಗೆ ಮುಖ ತಿರುಗಿಸಿ ಅಳುತ್ತಿದ್ದನು. ಮಗನ ದಾರಿಗೆ ತಾನು ಅಡ್ಡವಾದೆನೆಂದು ಅಳುತ್ತಿದ್ದನೋ, ಮಗನು ಉಳಿದನೆಂದು ಅಳುತ್ತಿದ್ದನೋ ನಮಗೆ ತಿಳಿಯಲಿಲ್ಲ.

ಮುಂಗಡದ ಲೆಕ್ಕವನ್ನು ಅವನೂ ನಾವೂ ಕೂಡಿ ಬರೆದು ನೋಡಿದೆವು. ಇನ್ನೂ ಎರಡು ಸುಗ್ಗಿ ಬೇಕು. ಸಭೆಯವರು ಪ್ರತಿ ತಿಂಗಳು ಸ್ವಲ್ಪ ಕೂಡಿಸಿದರೆ ಒಂದು ಸುಗ್ಗಿಯಲ್ಲಿ ಮುಗಿದೀತು. ಜೆಬೆದಾಯನ ಕೂಲಿಯಾಳುಗಳ ಕೆಲಸವನ್ನು ಸಭೆಯೇ ಮಾಡಬೇಕಾದೀತೆಂದು ಹಿರಿಯರ ಕೂಟದಲ್ಲಿ ಹೇಳಿದ್ದೇವೆ. ಇಬ್ಬರು ಒಪ್ಪಿದ್ದಾರೆ. ವೇದಶಾಲೆಗೆ ಬರೆದ ಕಾಗದವು ನಮ್ಮ ಪೆಟ್ಟಿಗೆಯಲ್ಲಿದೆ. ಈ ವರುಷ ಗ್ಯಾಂಗು ಬಂದಾಗ ಅವನು ತನ್ನ ಟ್ರ್ಯಾಕ್ಟರನ್ನು ಸಂಜೆ ಗುಡಿಸಲುಗಳ ಬಳಿಯಲ್ಲಿ ನಿಲ್ಲಿಸಿ, ಅದರ ದೀಪ ಹಚ್ಚಿ, ಕಡಿಯುವವರ ಐದಾರು ಮಕ್ಕಳಿಗೆ ಅಕ್ಷರ ತೀಡಿಸುತ್ತಿದ್ದಾನೆಂದು ಕೇಳಿದೆವು. ಆ ಮಕ್ಕಳಿಗೆ ಮರಾಠಿ ಬರುತ್ತದೆ, ಕನ್ನಡ ಬರುವದಿಲ್ಲ. ಇವನಿಗೆ ಮರಾಠಿಯ ಅಕ್ಷರ ಪೂರಾ ಬರುವದಿಲ್ಲ. ದೀಪದಿಂದ ಬ್ಯಾಟರಿ ಇಳಿಯುತ್ತದೆಂದು ಮಾಲಕನು ಒಂದು ಸಾರಿ ಗದರಿಸಿದನಂತೆ. ಮರುದಿನ ಅವನು ಮನೆಯಿಂದ ಕಂದೀಲು ಒಯ್ದನು.